ಅರ್ಧಕ್ಕೆ ನಿಂತ ಪಾಠ

ಹಳೇಬೀಡು
11 ನವೆಂಬರ್ 2024

ಉಷಾ,

ಕ್ಷೇಮ ಸಮಾಚಾರ ಆಮೇಲೆ. ನಿನ್ನ ನಂಬರನ್ನು ನಿನ್ನೆ ಬ್ಲಾಕ್ ಮಾಡಿದ್ದೇನೆ. ಫೋನಿನಲ್ಲಿ ನಾನು ಒಂದು ಮಾತು ಆಡುವಷ್ಟರಲ್ಲಿ ನೀನು ನಾಲ್ಕು ಆಡಿರುತ್ತೀಯ. ಕಾಗದದ ಮಧ್ಯೆ ಬಾಯಿ ಹಾಕಲು ಬರುವುದಿಲ್ಲವಲ್ಲ, ಅದಕ್ಕೇ ಕಾಗದ. ಪೂರ್ತಿ ಓದು. ಆಮೇಲೆ ಏನು ಬೇಕಾದರೂ ಬರೆ.

ನಿನಗೆ ಗೊತ್ತಿರುವುದನ್ನೇ ಮೊದಲು ಬರೆಯುತ್ತೇನೆ, ಯಾಕೆಂದರೆ ಎಲ್ಲಾ ಗೊತ್ತಿದೆ ಅಂದುಕೊಂಡೇ ನಾವಿಬ್ಬರೂ ಕೆಟ್ಟೆವು. ನನ್ನ ಅವ್ವ ಮುದ್ದಮ್ಮ ಬಿಕ್ಕೋಡಿನ ಕಾಫಿ ತೋಟದಲ್ಲಿ ಹಣ್ಣು ಬಿಡಿಸಿಕೊಂಡಿದ್ದವಳು. ಐವತ್ತು ದಾಟಿದ ಮೇಲೆ ಎಸ್ಸೆಸ್ಸೆಲ್ಸಿ ಕಟ್ಟಿದಳು. ಸಮಾಜ ವಿಜ್ಞಾನ ಒಂದು ಬಿಟ್ಟು ಉಳಿದದ್ದೆಲ್ಲ ಕಣ್ಣಿದ್ದಾಗಲೇ ಪಾಸು ಮಾಡಿಕೊಂಡಳು. ಅಷ್ಟರಲ್ಲಿ ಕಣ್ಣಿನ ಒತ್ತಡ ಜಾಸ್ತಿಯಾಗಿ ಎರಡೂ ಕಣ್ಣು ಹೋದವು. ನಾನು ಬೆಳಗಿನಿಂದ ಸಂಜೆವರೆಗೆ ಲೈಬ್ರರಿಯಲ್ಲಿ ಇರುವವಳು. ಅವಳಿಗೆ ಪಾಠ ಓದಿ ಹೇಳುವವರು ಯಾರು? ಆಗ ನೀನು "ನಾನಿದ್ದೀನಿ ಕಣೇ" ಅಂದೆ. ನಿನ್ನ ಅರಸೀಕೆರೆ ಕಂಪ್ಯೂಟರ್ ಸೆಂಟರಿನಲ್ಲಿ ಕೂತು ಒಂದು ಸ್ಕ್ರಿಪ್ಟ್, ಅದೇ ಪುಟ್ಟ ಪ್ರೋಗ್ರಾಮು, ಬರೆದುಕೊಟ್ಟೆ. ನಾನು ಪುಸ್ತಕದ ಪುಟಗಳ ಫೋಟೋ ತೆಗೆದು ನಮ್ಮ ಹಳೇ ಲ್ಯಾಪ್‌ಟಾಪಿಗೆ ಹಾಕಿಡಬೇಕು, ಅವ್ವ ಕೀ ಒತ್ತಿದರೆ ಅದು ಪಾಠ ಓದಬೇಕು. ಬೆರಳಿಗೆ ತಿಳಿಯಲಿ ಅಂತ ಕೀಗಳ ಮೇಲೆ ಹುಣಸೆ ಬೀಜ ಅಂಟಿಸಿದೆವು. ಇಷ್ಟೆಲ್ಲ ಆಗಿ ಆಗಸ್ಟಿನ ಪರೀಕ್ಷೆಯಲ್ಲಿ ಅವ್ವನಿಗೆ ಬಂದದ್ದು ಇಪ್ಪತ್ತೊಂಬತ್ತು. ಮೂವತ್ತೈದು ಬೇಕಿತ್ತು. "ವಯಸ್ಸಾಯ್ತು ಕಣವ್ವ, ತಲೆಗೆ ಹತ್ತಕಿಲ್ಲ" ಅಂದಳು. ನಾನೂ ನಂಬಿದೆ ನೋಡು!

ನಿನ್ನೆ ಭಾನುವಾರ ಅವರೆಕಾಯಿ ಬಿಡಿಸುತ್ತಾ ಅವಳ ಪಕ್ಕದಲ್ಲೇ ಕೂತಿದ್ದೆ. ಪಾಠ ಓದುತ್ತಿತ್ತು. ಪುಸ್ತಕ ನನ್ನ ಮಡಿಲಲ್ಲಿತ್ತು, ಸುಮ್ಮನೆ ಬೆರಳಿಟ್ಟುಕೊಂಡು ಹೋದೆ. ಪಾಠದ ಒಂಬತ್ತನೇ ಪುಟದ ಮಧ್ಯದಲ್ಲಿ ಮಿಷನ್ ನಿಂತಿತು. ಸದ್ದಿಲ್ಲ, ಗದ್ದಲವಿಲ್ಲ. ಅವ್ವ ಸ್ವಲ್ಪ ಹೊತ್ತು ಕೈ ಕಟ್ಟಿಕೊಂಡು ಕೂತಿದ್ದು, ಲ್ಯಾಪ್‌ಟಾಪಿಗೆ ಕೈಮುಗಿದು ಎದ್ದಳು. "ಯಾಕವ್ವಾ?" ಅಂದೆ. "ಪಾಠ ಮುಗೀತಲ್ಲ" ಅಂದಳು. ಆ ಪಾಠಕ್ಕೆ ಇನ್ನೂ ಏಳು ಪುಟ ಇತ್ತು, ಉಷಾ.

ಉಳಿದವನ್ನೂ ಹಾಕಿಸಿ ನೋಡಿದೆ. ಚಿಕ್ಕ ಪಾಠಗಳು ಮುಗಿಯುತ್ತವೆ, ದೊಡ್ಡವು ಒಂದೂ ಮುಗಿಯುವುದಿಲ್ಲ. ನನ್ನ ಅವ್ವ ಅರ್ಧ ಪುಸ್ತಕ ಕೇಳಿ ಪರೀಕ್ಷೆಗೆ ಕೂತಿದ್ದಾಳೆ. ತಲೆಗೆ ಹತ್ತಲಿಲ್ಲ ಅಂತ ತನ್ನನ್ನೇ ಬೈದುಕೊಂಡಿದ್ದಾಳೆ. ನಿನಗೆ ಫೋನ್ ಮಾಡಿದರೆ ನೀನು ಅಂದದ್ದೇನು? "ಅಮ್ಮ ಬೇರೆ ಕೀ ಒತ್ತಿರ್ತಾರೆ ಬಿಡು." ಅಲ್ಲೇ ನಾನು ಫೋನ್ ಇಟ್ಟದ್ದು.

ಮಾರ್ಚ್ ಪರೀಕ್ಷೆಗೆ ಅವ್ವ ಕಟ್ಟುತ್ತಾಳೆ. ಕಟ್ಟಿಯೇ ಕಟ್ಟುತ್ತಾಳೆ. ಸರಿ ಮಾಡುತ್ತೇನೆ ಅನ್ನು, ಇಲ್ಲ ಕೈಲಾಗಲ್ಲ ಅನ್ನು. ಎರಡರಲ್ಲೊಂದು ಬರೆ.

ಲತಾಮಣಿ


ಅರಸೀಕೆರೆ
18 ನವೆಂಬರ್ 2024

ಪ್ರೀತಿಯ ಲತಾ,

ಪೂರ್ತಿ ಓದಿದೆ. ಎರಡು ಸಲ ಓದಿದೆ. ಮಧ್ಯೆ ಬಾಯಿ ಹಾಕಲು ನಾಲ್ಕು ಕಡೆ ಮನಸ್ಸಾಯಿತು, ಎದುರಿಗೆ ನೀನಿರಲಿಲ್ಲ.

ನೀನು ಕೋಪ ಮಾಡಿಕೋ, ಆದರೆ ಇದನ್ನೂ ಕೇಳು. ನೀನು ತೆಗೆದ ಅವೇ ಫೋಟೋಗಳು ನನ್ನ ಹತ್ತಿರ ಇವೆಯಲ್ಲ, ಅವನ್ನು ನನ್ನ ಕಂಪ್ಯೂಟರಿನಲ್ಲಿ ಅದೇ ಸ್ಕ್ರಿಪ್ಟಿಗೆ ಕೊಟ್ಟೆ. ಅತಿ ದೊಡ್ಡ ಪಾಠ ಹಾಕಿದೆ. ಕೊನೆಯ ಪ್ರಶ್ನೆಗಳವರೆಗೆ ಓದಿತು. ಮತ್ತೆ ಹಾಕಿದೆ, ಮತ್ತೆ ಓದಿತು. ಇಲ್ಲಿ ಓಡುವುದು ಅಲ್ಲಿ ಯಾಕೆ ನಿಲ್ಲುತ್ತದೆ? ನನ್ನದು ಲಿನಕ್ಸ್, ನಿಮ್ಮದು ವಿಂಡೋಸ್, ಅದೊಂದೇ ವ್ಯತ್ಯಾಸ. ಆದರೆ ಎರಡರಲ್ಲೂ ಓಡಬೇಕು ಅಂತಲೇ ನಾನು ಬರೆದದ್ದು. ನಿಮ್ಮ ಲ್ಯಾಪ್‌ಟಾಪು ಹಳೆಯದು, ಬಿಸಿಯಾಗಿ ಸುಸ್ತಾಗುತ್ತೋ ಏನೋ. ತಪ್ಪು ನನ್ನದಲ್ಲ ಅಂತ ಹೇಳುತ್ತಿಲ್ಲ. ನನ್ನದು ಅನ್ನುವುದಕ್ಕೆ ಇನ್ನೂ ಏನೂ ಸಿಕ್ಕಿಲ್ಲ ಅಂತ ಹೇಳುತ್ತಿದ್ದೇನೆ.

ಆ ಮಿಷನ್ ನನ್ನ ಕಣ್ಣ ಮುಂದೆಯೇ ನಿಲ್ಲಬೇಕು ಕಣೇ, ಇಲ್ಲದಿದ್ದರೆ ಕತ್ತಲಲ್ಲಿ ತಡಕಾಡಿದ ಹಾಗೆ. ಅಮ್ಮನನ್ನೂ ಕರೆದುಕೊಂಡು ಲ್ಯಾಪ್‌ಟಾಪ್ ಸಮೇತ ನಮ್ಮ ಮನೆಗೆ ಬಂದುಬಿಡು. ಜಾವಗಲ್ ಮೇಲೆ ಬರುವ ಬಸ್ಸು ಹತ್ತಿದರೆ ಎಷ್ಟು ಹೊತ್ತು? ಎರಡು ದಿನ ಇದ್ದು ಹೋಗಿ. ನಮ್ಮಮ್ಮನೂ ನಿನ್ನನ್ನು ಕೇಳುತ್ತಿರುತ್ತಾರೆ.

ಕೈಲಾಗಲ್ಲ ಅನ್ನುವ ಮಾತು ನನ್ನಿಂದ ಬರಲ್ಲ, ಅದನ್ನು ನೀನೂ ಬಲ್ಲೆ.

ನಿನ್ನ
ಉಷಾರಾಣಿ


ಹಳೇಬೀಡು
25 ನವೆಂಬರ್ 2024

ಉಷಾ,

ನಿಮ್ಮ ಮನೆಗೆ ಬರುವುದಿಲ್ಲ.

ಡಿಪ್ಲೊಮಾ ಮುಗಿದ ವರ್ಷ ಬಂದಿದ್ದೆನಲ್ಲ. ಜಗಲಿಯ ಮೇಲೆ ಕೂತು ಕಾಫಿ ಕುಡಿದೆ. ಲೋಟ ತೊಳೆದು ಬೋರಲು ಹಾಕಿದವಳೂ ನಾನೇ. ನೀನು ಒಳಗಿದ್ದೆ. ನಿಮ್ಮಮ್ಮ ವಿಶಾಲಮ್ಮನವರು ಒಳ್ಳೆಯ ಮಾತೇ ಆಡಿದರು, ಹೊಸ್ತಿಲಿನ ಆಚೆ ನಿಂತುಕೊಂಡು. ಇದನ್ನು ನಾನು ಯಾವತ್ತೂ ಎತ್ತಿದವಳಲ್ಲ. ಮಿಷನ್ ನೆಪದಲ್ಲಿ ನೀನು ಮನೆಗೆ ಬಾ ಅಂದದ್ದಕ್ಕೆ ಬಂತು. ನನ್ನನ್ನಾದರೂ ಕೂರಿಸಿದಿರಿ, ಅವ್ವನನ್ನು ಆ ಜಗಲಿಯ ಮೇಲೆ ನಾನು ಕೂರಿಸಲಾರೆ. ಮಿಷನ್ ನೋಡಬೇಕೆಂದರೆ ನೀನೇ ಬಾ.

ಲ್ಯಾಪ್‌ಟಾಪಿಗೆ ಸುಸ್ತಾಗುವುದಿಲ್ಲ. ಫ್ಯಾನಿನ ಕೆಳಗಿಟ್ಟು ನೋಡಿದೆ. ಪ್ರತಿ ಸಲವೂ ಅದೇ ಪಾಠ ಅದೇ ಸಾಲಿನಲ್ಲೇ ನಿಲ್ಲುತ್ತದೆ. ಸುಸ್ತಾಗುವವರು ಹೀಗೆ ಜಾಗ ನೋಡಿಕೊಂಡು ಸುಸ್ತಾಗುತ್ತಾರೇನೇ?

ನಿನ್ನ ಕಾಗದವನ್ನು ಅವ್ವನಿಗೆ ಓದಿದೆ. "ನಿಂತಾಗ ಯಾಕವ್ವಾ ಯಾರನ್ನೂ ಕರೀಲಿಲ್ಲ?" ಅಂದೆ. ಅವಳಂದದ್ದನ್ನು ಹಾಗೇ ಬರೆಯುತ್ತೇನೆ: "ಮೇಷ್ಟ್ರು ಉಸುರು ತಗೋತಾವ್ರೆ ಅಂತ ಸುಮ್ಕೆ ಕುಂತೆ. ಓದೋರ ಬಾಯ್ಗೆ ಅಡ್ಡ ಹೋಗ್ಬಾರ್ದು. ಎಷ್ಟೊತ್ತಾದ್ರೂ ಬರ್ಲಿಲ್ಲ ಅಂದ್ರೆ ಇವತ್ಗೆ ಇಷ್ಟೇ ಅಂತ ಅರ್ಥ. ಎದ್ದು ಹೋಗೋ ಮುಂಚೆ ಕೈಮುಗೀದೆ ಹೋಗಕಾಯ್ತದಾ?"

ಲತಾಮಣಿ


ಅರಸೀಕೆರೆ
27 ನವೆಂಬರ್ 2024

ಲತಾ,

ಜಗಲಿಯ ಮಾತು ಓದಿದೆ.

ಈ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಊಟ ನಿಮ್ಮಲ್ಲೇ. ಏನು ಮಾಡಿರುತ್ತೀರೋ ಅದೇ ಸಾಕು, ನನಗೆ ಅಂತ ಬೇರೆ ಮಾಡಬೇಡಿ.

ಉಷಾ


ಅರಸೀಕೆರೆ
5 ಡಿಸೆಂಬರ್ 2024

ಪ್ರೀತಿಯ ಲತಾ,

ಸಿಕ್ಕಿತು!

ಅಂದು ನಿಮ್ಮಲ್ಲಿ ಹೇಳಲಾಗಲಿಲ್ಲ. ಅಮ್ಮ ನನ್ನನ್ನು ಒಲೆ ಪಕ್ಕ ಕೂರಿಸಿಕೊಂಡು ಮುದ್ದೆಯ ಮೇಲೆ ಮುದ್ದೆ ಹಾಕಿದರಲ್ಲ, ನನ್ನ ತಲೆಯೇ ಓಡಲಿಲ್ಲ. ಮಿಷನ್ ನಿಂತ ಕೂಡಲೇ ನಾನು ಬಾಯಿ ತೆಗೆದರೆ ನನ್ನ ಕೈ ಹಿಡಿದು "ತಾಳವ್ವ, ತಾಳು" ಅಂದರು. ನಾನೂ ತಾಳಿದೆ. ಹಾಗೆ ಸುಮ್ಮನೆ ಕೂತಾಗಲೇ ಅನ್ನಿಸಿದ್ದು: ಇದು ಕೆಟ್ಟು ನಿಂತಿಲ್ಲ, ಯಾರಿಗೋ ಕಾಯುತ್ತಿದೆ.

ನಿನಗೆ ಬಿಡಿಸಿ ಹೇಳುತ್ತೇನೆ. ನನ್ನ ಸ್ಕ್ರಿಪ್ಟ್ ತಾನೇ ಏನೂ ಓದುವುದಿಲ್ಲ. ಫೋಟೋದೊಳಗಿನ ಅಕ್ಷರ ಗುರುತಿಸಲು ಇನ್ನೊಂದು ಪ್ರೋಗ್ರಾಮನ್ನು ಕೆಲಸಕ್ಕೆ ಹಚ್ಚುತ್ತದೆ. ಹಾಗೆ ಹಚ್ಚಿದ್ದನ್ನು ನಾವು ಚೈಲ್ಡ್ ಪ್ರೋಸೆಸ್ ಅನ್ನುತ್ತೇವೆ. ಅದು ಹೇಳಿದ್ದನ್ನು ನನ್ನ ಸ್ಕ್ರಿಪ್ಟ್ ಹಿಡಿದು, ಸಾಲು ಸಾಲಾಗಿ ಮಾತಾಡುವ ಪ್ರೋಗ್ರಾಮಿಗೆ ದಾಟಿಸುತ್ತದೆ. ಈಗ ಕೇಳು. ಆ ಚೈಲ್ಡಿಗೆ ಹೊರಗೆ ಹೇಳಲು ಎರಡು ಪೈಪು. ಒಂದರಲ್ಲಿ ಪಾಠ ಬರುತ್ತದೆ. ಇನ್ನೊಂದರಲ್ಲಿ ದೂರು ಬರುತ್ತದೆ: ಫೋಟೋ ಮಸುಕು, ಸಾಲು ಸೊಟ್ಟ, ಇಲ್ಲೇನೋ ಕಾಣಿಸಲಿಲ್ಲ, ಇಂಥವು. ಪರದೆಯ ಮೇಲೆ ಕಸ ಬೀಳದಿರಲಿ ಅಂತ ನಾನು ದೂರಿನ ಪೈಪನ್ನೂ ನನ್ನ ಕಡೆಗೇ ತಿರುಗಿಸಿಕೊಂಡಿದ್ದೆ. ತಿರುಗಿಸಿಕೊಂಡೆ, ಆದರೆ ಅದನ್ನು ಒಂದು ಸಲವೂ ಬರಿದು ಮಾಡಲಿಲ್ಲ. ಬರೀ ಪಾಠದ ಪೈಪಿಗೇ ಕಿವಿ ಕೊಟ್ಟು ಕೂತೆ. ದೂರಿನ ಪೈಪು ತುಂಬಿತು. ಇದನ್ನು ತೆಗೆಯುವವರೆಗೆ ಮುಂದಕ್ಕೆ ಹೋಗಲ್ಲ ಅಂತ ಚೈಲ್ಡ್ ನಿಂತುಕೊಂಡಿತು. ಮುಂದಿನ ಸಾಲು ಬರಲಿ ಅಂತ ಸ್ಕ್ರಿಪ್ಟ್ ಕಾಯುತ್ತಾ ಕೂತಿತು. ಸ್ಕ್ರಿಪ್ಟ್ ಉಸಿರು ತೆಗೆದುಕೊಳ್ಳಲಿ ಅಂತ ನಿಮ್ಮವ್ವ ಕಾಯುತ್ತಾ ಕೂತರು. ಮೂವರೂ ಮರ್ಯಾದಸ್ಥರು, ಒಬ್ಬರೂ ಬಾಯಿ ಬಿಡಲಿಲ್ಲ.

ನನ್ನಲ್ಲಿ ಯಾಕೆ ನಿಲ್ಲಲಿಲ್ಲ ಅಂದರೆ ಲಿನಕ್ಸಿನಲ್ಲಿ ಆ ಪೈಪು ದೊಡ್ಡದು. ನಿಮ್ಮ ವಿಂಡೋಸಿನಲ್ಲಿ ಚಿಕ್ಕದು. ನಿಮ್ಮ ದೊಡ್ಡ ಪಾಠಗಳ ದೂರೆಲ್ಲ ನನ್ನಲ್ಲಿ ತಳದಲ್ಲೇ ಮಲಗಿತ್ತು, ನಿಮ್ಮಲ್ಲಿ ಗಂಟಲಿಗೆ ಬಂತು. ಅದೇ ಪಾಠ, ಅಷ್ಟೇ ದೂರು, ಅದಕ್ಕೇ ಅದೇ ಸಾಲು. ನಿನ್ನ ಮಾತು ಸರಿ, ಸುಸ್ತು ಹಾಗೆ ಜಾಗ ನೋಡಿಕೊಂಡು ಬರಲ್ಲ.

ತಪ್ಪು ನನ್ನದೇ. ಅಮ್ಮ ಸರಿಯಾದ ಕೀಯನ್ನೇ ಒತ್ತಿದ್ದರು.

ಎರಡೂ ಪೈಪನ್ನು ಒಟ್ಟೊಟ್ಟಿಗೇ ಬರಿದು ಮಾಡುವ ಹಾಗೆ ಪೂರ್ತಿ ಹೊಸದಾಗಿ ಬರೆದಿದ್ದೇನೆ. ಪೆನ್‌ಡ್ರೈವ್ ಈ ಕಾಗದದ ಜೊತೆಗೇ ಇದೆ. ಹಳೆಯದನ್ನು ಅಳಿಸಿ ಇದನ್ನು ಹಾಕು.

ನಿಮ್ಮ ಸಾರು ಮರೆತಿಲ್ಲ.

ಉಷಾ


ಹಳೇಬೀಡು
16 ಡಿಸೆಂಬರ್ 2024

ಉಷಾ,

ನಿನ್ನ ಹೊಸದನ್ನು ಹಾಕಿದೆ. ಅವ್ವ ಸ್ನಾನ ಮಾಡಿ, ತಲೆ ಬಾಚಿಕೊಂಡು ಬಂದು ಕೂತಳು. ಕೀ ಒತ್ತಿದಳು. ಮಿಷನ್ ಶುರು ಮಾಡಿತು: "ಆ ಎರಡು, ಆ ಎರಡು, ಆ ಮೂರು, ಆ ಎರಡು..."

ಅವ್ವ ತಾಳ್ಮೆಯಿಂದ ಕೇಳಿ, "ಇದೇನೇ ಲತಾ, ಸಮಾಜ ಬಿಟ್ಟು ಮಗ್ಗಿ ಹಿಡಕೊಂಡೈತೆ? ಲೆಕ್ಕ ನಾನು ಪಾಸಾಗಿವ್ನಿ ಅಂತ ಹೇಳು ಅದ್ಕೆ" ಅಂದಳು. ನನಗೆ ನಗು ಬಂತು, ಆಮೇಲೆ ಅಳು ಬಂತು. ಡಿಸೆಂಬರ್ ಅರ್ಧ ಕಳೆಯಿತು ಉಷಾ. ಮೊದಲು ಅರ್ಧವಾದರೂ ಕನ್ನಡ ಓದುತ್ತಿತ್ತು, ಈಗ ಅದೂ ಇಲ್ಲ. ಪರದೆಯ ಮೇಲೆ ನೋಡಿದರೆ ಇಂಗ್ಲಿಷಿನ ಸೊಟ್ಟ ಸೊಟ್ಟ ಅಕ್ಷರಗಳು, ತಲೆಯ ಮೇಲೆ ಗೆರೆ ಹೊತ್ತವು, ಪಕ್ಕದಲ್ಲಿ ಪುಟ್ಟ ಎರಡು, ಪುಟ್ಟ ಮೂರು.

ಇದನ್ನೂ ನಿನ್ನ ಮನೆಯ ಲಿನಕ್ಸಿನಲ್ಲಿ ಓಡಿಸಿ ನೋಡಿ ಕಳಿಸಿದೆ ತಾನೆ? ಅಲ್ಲಿ ಚೆನ್ನಾಗಿಯೇ ಓದಿರುತ್ತದೆ. ನಮ್ಮ ಮನೆಯಲ್ಲಿ ಓದಬೇಕಾದದ್ದನ್ನು ನಿಮ್ಮ ಮನೆಯಲ್ಲಿ ಪರೀಕ್ಷೆ ಮಾಡಿದರೆ ಹೀಗೇ ಆಗುವುದು.

ಸದ್ಯಕ್ಕೆ ದಿನಾ ಬೆಳಿಗ್ಗೆ ಲೈಬ್ರರಿಗೆ ಹೋಗುವ ಮುಂಚೆ ನಾನೇ ಓದುತ್ತಿದ್ದೇನೆ. ಗಂಟಲು ಕಟ್ಟಿದೆ. ಅವ್ವನಿಗೆ ಒಂದು ಪಾಠ ನಾಲ್ಕು ಸಲ ಬೇಕು, ನನಗೆ ಒಂದು ಸಲ ಓದುವುದಕ್ಕೇ ಪುರುಸೊತ್ತಿಲ್ಲ.

ನಂಬರ್ ಇನ್ನೂ ಬ್ಲಾಕಿನಲ್ಲೇ ಇದೆ. ಕಾಗದದಲ್ಲಿ ನೀನು ಇದ್ದುದರಲ್ಲಿ ಪರವಾಗಿಲ್ಲ.

ಲತಾಮಣಿ


ಅರಸೀಕೆರೆ
16 ಜನವರಿ 2025

ಪ್ರೀತಿಯ ಲತಾ,

ಒಂದು ತಿಂಗಳು ಬರೆಯಲಿಲ್ಲ. ಬೈದುಕೊಂಡಿರುತ್ತೀಯ. ಬರೆಯುವುದಕ್ಕಿಂತ ಮಾಡುವುದು ಮುಖ್ಯವಾಗಿತ್ತು.

ನಿನ್ನ ಆ ಮಾತು ನನಗೆ ಚೆನ್ನಾಗಿಯೇ ತಾಗಿತು. ಸೆಂಟರಿನ ಮೂಲೆಯಲ್ಲಿ ಬಿದ್ದಿದ್ದ ಹಳೇ ಕಂಪ್ಯೂಟರನ್ನು ಮನೆಗೆ ಹೊತ್ತು ತಂದೆ. ನಿಮ್ಮದರಲ್ಲಿರುವ ವಿಂಡೋಸನ್ನೇ ಅದಕ್ಕೂ ಹಾಕಿದೆ. ಇನ್ನು ಮೇಲೆ ಅದರಲ್ಲಿ ಓಡದಿದ್ದರೆ ಓಡಲಿಲ್ಲ ಅಂತಲೇ ಲೆಕ್ಕ. ಮೊದಲ ದಿನವೇ ಅದೂ ಮಗ್ಗಿ ಹೇಳಿತು. ಖುಷಿಯಾಯಿತು ಕಣೇ! ಕಾಯಿಲೆ ಕಣ್ಣಿಗೆ ಬಿದ್ದ ಡಾಕ್ಟರಿಗೆ ಆಗುತ್ತದಲ್ಲ, ಅಂಥ ಖುಷಿ.

ಚೈಲ್ಡ್ ಸರಿಯಾಗಿಯೇ ಕನ್ನಡ ಕಳಿಸುತ್ತಿತ್ತು. ನನ್ನ ಸ್ಕ್ರಿಪ್ಟ್ ಅದನ್ನು ಹಿಡಿಯುವಾಗ, ಬರುತ್ತಿರುವುದು ಯೂನಿಕೋಡ್, ಅಂದರೆ ಎಲ್ಲ ಭಾಷೆಯ ಅಕ್ಷರಗಳೂ ಇರುವ ಪಟ್ಟಿಯದು, ಅಂತ ಬಾಯಿಬಿಟ್ಟು ಹೇಳಬೇಕು. ಹಳೆಯದರಲ್ಲಿ ಹೇಳಿದ್ದೆ, ಹೊಸದಾಗಿ ಬರೆಯುವ ಭರದಲ್ಲಿ ಆ ಸಾಲೇ ಬಿಟ್ಟುಹೋಯಿತು. ಲಿನಕ್ಸ್ ಹೇಳದಿದ್ದರೂ ತಿಳಿದುಕೊಂಡಿತು. ವಿಂಡೋಸ್ ತನ್ನ ಹಳೇ ಇಂಗ್ಲಿಷ್ ಅಕ್ಷರಗಳ ಪಟ್ಟಿ ಇಟ್ಟುಕೊಂಡು ಕನ್ನಡದ ಒಂದೊಂದು ಅಕ್ಷರವನ್ನೂ ಮೂರು ತುಂಡು ಮಾಡಿ ಓದಿತು. ಈಗ ಹೇಳಿದ್ದೇನೆ.

ಇಷ್ಟಕ್ಕೇ ಬಿಡಲಿಲ್ಲ. ನಿಂತರೆ ನಿಂತೆ ಅಂತ ಅದೇ ಹೇಳಬೇಕು, ಅಮ್ಮ ಊಹಿಸಿಕೊಂಡು ಕೂರಬಾರದು. ಚೈಲ್ಡ್ ಕೆಲಸ ಮುಗಿಸಿ ಹೊರಡುವಾಗ ಒಂದು ಸಂಖ್ಯೆ ಕೊಟ್ಟು ಹೋಗುತ್ತದೆ, ಸೊನ್ನೆ ಕೊಟ್ಟರೆ ಎಲ್ಲ ಸರಿ ಅಂತ. ಇಲ್ಲಿಯವರೆಗೆ ನಾನು ಅದನ್ನು ನೋಡಿರಲಿಲ್ಲ, ಈಗ ನೋಡುತ್ತೇನೆ. ಎಲ್ಲ ಪುಟ ಓದಿ ಸೊನ್ನೆ ಕೊಟ್ಟರೆ ಮಾತ್ರ "ಪಾಠ ಮುಗಿಯಿತು" ಅನ್ನುತ್ತದೆ. ಬೇರೆ ಏನಾದರೂ ಆದರೆ, ಅಥವಾ ಸ್ವಲ್ಪ ಹೊತ್ತು ಸಾಲೇ ಬರದಿದ್ದರೆ, "ಪಾಠ ಅರ್ಧಕ್ಕೆ ನಿಂತಿದೆ, ಲತಾಮಣಿಯವರನ್ನು ಕರೆಯಿರಿ" ಅನ್ನುತ್ತದೆ. ನಿನಗೆ ಬಹುವಚನ ಹಾಕಿದ್ದೇನೆ, ನೋಡಿಕೋ.

ಆಮೇಲೆ ಆ ವಿಂಡೋಸಿನಲ್ಲಿ ಪುಸ್ತಕದ ಎಲ್ಲಾ ಪಾಠಗಳನ್ನೂ ಮೊದಲಿನಿಂದ ಕೊನೆಯವರೆಗೆ ಹಾಕಿ, ಪುಸ್ತಕದಲ್ಲಿ ಬೆರಳಿಟ್ಟುಕೊಂಡು ಕೇಳಿದೆ. ಸಂಕ್ರಾಂತಿ ದಿನವೂ ಕೇಳಿದೆ. ಅಂದು ಬಂದದ್ದು ಅಸ್ಪೃಶ್ಯತೆಯ ಪಾಠ. ನಮ್ಮಮ್ಮ ಅಡುಗೆಮನೆಯಿಂದ ಎಳ್ಳಿನ ತಟ್ಟೆ ಹಿಡಿದು ಬಂದವರು ಬಾಗಿಲಲ್ಲೇ ನಿಂತರು. ಪಾಠ ದೊಡ್ಡದು. ಮುಗಿಯುವವರೆಗೂ ನಿಂತೇ ಇದ್ದರು. ಮಿಷನ್ "ಪಾಠ ಮುಗಿಯಿತು" ಅಂದ ಮೇಲೂ ಹೋಗಲಿಲ್ಲ. ನಾನೂ ಅವರ ಮುಖ ನೋಡಲಿಲ್ಲ.

ಸಾಯಂಕಾಲ ಒಂದು ಪೊಟ್ಟಣ ಕಟ್ಟಿಕೊಟ್ಟು, "ಹಳೇಬೀಡಿಗೆ ಕಳಿಸು" ಅಂದರು. ಪೆನ್‌ಡ್ರೈವ್ ಜೊತೆ ಅದೂ ಬರುತ್ತಿದೆ. ಎಳ್ಳು ಬೆಲ್ಲ. ತಿನ್ನುವುದು ಬಿಡುವುದು ನಿಮ್ಮಿಷ್ಟ.

ಉಷಾ


ಹಳೇಬೀಡು
9 ಫೆಬ್ರವರಿ 2025

ಉಷವ್ವಂಗೆ ಮುದ್ದಮ್ಮ ಹೇಳಿ ಬರೆಸೋದು.

ಲತಾ ಬರೀತಾವ್ಳೆ. ನಾನು ಹೇಳ್ದಂಗೇ ಬರೀಬೇಕು, ತಿದ್ದಂಗಿಲ್ಲ ಅಂದಿವ್ನಿ. ಬರೆದ ಮೇಲೆ ಓದಿಸ್ಕಂಡು ಕೇಳ್ತೀನಿ.

ಮಿಷನ್ ಚೆನ್ನಾಗೈತೆ. ದನಿ ಅದೇ ಮೂಗಿನ ದನಿ, ಅದಿರ್ಲಿ. ಕೊನೆಗಂಟ ಓದ್ತದೆ. ಒಂದ್ಸಲ ಮಾತ್ರ ಅರ್ಧಕ್ಕೆ ನಿಂತಿದೆ ಅಂತ ಅದೇ ಹೇಳ್ತು. ನಾನು ಲೈಬ್ರರಿಗೇ ಫೋನ್ ಮಾಡಿಸ್ದೆ. ಲತಾ ಓಡ್ ಬಂದು ನೋಡಿದ್ರೆ, ಹಳೇದು ಅಳಿಸೋವಾಗ ಇವ್ಳೇ ಒಂದು ಪುಟದ ಫೋಟೋನೂ ಅಳಿಸ್ಬಿಟ್ಟವ್ಳೆ! ಬೈದೆ.

ಈಗ ಒಂದು ಇಸ್ಯ ಹೇಳ್ತೀನಿ. ಇದು ಲತಾಗೂ ಗೊತ್ತಿಲ್ಲ, ಈಗ ಬರೀತಾ ಬರೀತಾ ಗೊತ್ತಾಯ್ತದೆ. ಮುಟ್ಟಿಸ್ಕಳದಿರೋ ಪಾಠ ಐತಲ್ಲ, ಮೊದ್ಲು ನಂಗೆ ಅರ್ಧವೇ ಕೇಳಿದ್ದು. ಕೆರೆಗೆ ಬಿಡಲ್ಲ, ಗುಡಿಗೆ ಬಿಡಲ್ಲ, ಬ್ಯಾರೆ ಕೂರಿಸ್ತಾರೆ, ಅಲ್ಲಿಗೆ ನಿಂತಿತ್ತು. ನಾನಂದ್ಕಂಡೆ, ಪುಸ್ತಕದೋರು ಇಷ್ಟೇ ಹೇಳಿ ಕೈ ತೊಳ್ಕಂಡವ್ರೆ ಅಂತ. ಆಗಸ್ಟ್ ಪರೀಕ್ಷೇಲಿ ಕೇಳಿದ್ರು, ಇದನ್ನ ಹೋಗ್ಲಾಡಿಸಾಕೆ ಏನು ಕಾನೂನು ಐತೆ ಹೇಳಿ ಅಂತ. ನಂಗೆ ಗೊತ್ತಿತ್ತು ಕಣವ್ವ! ಸಂವಿಧಾನದಾಗೆ ಹದಿನೇಳನೇ ವಿಧಿ ಅಂತ ನಮ್ ಬುದ್ಧ ವಿಹಾರದಲ್ಲಿ ಎಷ್ಟು ಸಲ ಕೇಳಿಲ್ಲ ನಾನು. ನಮ್ಮೆಜಮಾನ್ರು ಕೆಂಚಯ್ಯನೋರು ಇದ್ದಾಗ ಬಾಯಿಪಾಠ ಹೇಳೋರು. ಆದ್ರೆ ಪಾಠದಾಗೆ ಇಲ್ವಲ್ಲ, ಮನೇಲಿ ಕೇಳಿದ್ದ ಪರೀಕ್ಷೇಲಿ ಬರ್ಸಿದ್ರೆ ತಪ್ಪಾಯ್ತದೆ, ಸ್ವಂತದ್ದು ಸೇರಿಸವ್ಳೆ ಅಂತಾರೆ ಅಂತ ಹೆದರ್ಕಂಡೆ. ನನ್ ಪರವಾಗಿ ಬರೆಯೋರು "ಮುಂದಕ್ಕೆ?" ಅಂದ್ರು. "ಬಿಟ್ಬಿಡಿ" ಅಂದೆ.

ಮೊನ್ನೆ ಪೂರ್ತಿ ಪಾಠ ಕೇಳ್ದೆ. ಎಲ್ಲಾ ಐತೆ! ಹದಿನೇಳನೇದು ಐತೆ, ಆಮ್ಯಾಕೆ ಬಂದ ಕಾನೂನೂ ಐತೆ. ನಮ್ಮೋರು ಹೇಳಿದ್ದೇ ಪುಸ್ತಕದಾಗೂ ಐತೆ. ಅವತ್ತು ನಾನು ಎಷ್ಟು ಅತ್ತೆ ಅಂದ್ರೆ ಪಕ್ಕದ ಮನೆ ದೇವೀರಮ್ಮ ಬಂದು ಯಾರು ಹೋದ್ರು ಅಂತ ಕೇಳಿದ್ಲು. ಯಾರೂ ಹೋಗಿಲ್ಲ, ಆರು ನಂಬರು ಹೋಯ್ತು ಅಂದೆ.

ಈ ಸಲ ಒಂದು ಪ್ರಶ್ನೆಯೂ ಬಿಡಕಿಲ್ಲ. ದಿನಾ ಬೆಳಗಾನ ಮಿಷನ್ನ ನಾನೇ ನಿಲ್ಲಿಸ್ತೀನಿ, ಮುಂದಿನ ಮಾತು ನಾನು ಹೇಳ್ತೀನಿ, ಆಮ್ಯಾಕೆ ಅದಕ್ಕೆ ಹೇಳಿಸಿ ನೋಡ್ತೀನಿ, ಸರಿ ಹೇಳ್ತದಾ ಅಂತ.

ನಿಮ್ಮವ್ವನ ಎಳ್ಳು ಬಂತು. ಕೊಬ್ರಿ ಸಣ್ಣಗೆ ಹೆಚ್ಚವ್ರೆ, ಕೈ ಚೆನ್ನಾಗೈತೆ ಅಂತ ಹೇಳು. ನಾನು ತಿಂದೆ. ಲತಾ ಡಬ್ಬಕ್ಕೆ ಹಾಕಿ ಇಟ್ಟವ್ಳೆ.

ಮುದ್ದಮ್ಮ

(ಉಷಾ, ಆ ಉತ್ತರ ಬಿಟ್ಟದ್ದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಬರೆಯುತ್ತಾ ಕೈ ನಿಂತಿತು. ಅವ್ವ ಬರೀ ಅಂದಳು, ಬರೆದೆ. ಲತಾ.)


ಅರಸೀಕೆರೆ
18 ಮಾರ್ಚ್ 2025

ಪ್ರೀತಿಯ ಲತಾ,

ಮೊನ್ನೆ ನನ್ನ ಫೋನ್ ರಿಂಗಾಯಿತು. ನಿನ್ನ ಹೆಸರು. ಕೈಯಲ್ಲಿ ಹಿಟ್ಟಿತ್ತು, ಎತ್ತುವಷ್ಟರಲ್ಲಿ ನಿಂತಿತು. ತಿರುಗಿ ಮಾಡಲಿಲ್ಲ. ನಿನಗೆ ಯಾವಾಗ ಅನ್ನಿಸುತ್ತೋ ಆಗಲೇ ಆಗಲಿ ಅಂತ. ಮುಂದಿನ ಸಲ ಹಿಟ್ಟಿನ ಕೈಯಲ್ಲೇ ಎತ್ತುತ್ತೇನೆ.

ಪರೀಕ್ಷೆಯ ದಿನ ನಾನು ಬೇಲೂರಿನ ಸ್ಕೂಲಿಗೇ ಬರುತ್ತೇನೆ. ಸೆಂಟರಿಗೆ ರಜ ಹಾಕಿದ್ದೇನೆ. ಅಮ್ಮನನ್ನು ಒಂದು ಕಡೆ ನೀನು ಹಿಡಿದುಕೋ, ಇನ್ನೊಂದು ಕಡೆ ನಾನು. ಪರೀಕ್ಷೆಯ ಕೋಣೆಗೆ ಬಿಡುವವರೆಗೂ ನಾನು ಒಂದು ಮಾತೂ ಆಡುವುದಿಲ್ಲ. ಅಮ್ಮನ ತಲೆಯೊಳಗಿನದು ಅಲ್ಲೇ ಇರಲಿ.

ನಮ್ಮಮ್ಮನೂ ಬರುತ್ತೇನೆ ಅನ್ನುತ್ತಿದ್ದಾರೆ. ಏನು ಹೇಳಲಿ? ನೀನು ಬೇಡ ಅಂದರೆ ಬೇಡ ಅನ್ನುತ್ತೇನೆ, ಬೇಜಾರಿಲ್ಲ. ಒಂದು ಸಾಲು ಬರೆ.

ಉಷಾ


ಹಳೇಬೀಡು
21 ಮಾರ್ಚ್ 2025

ಉಷಾ,

ಬರಲಿ. ಪರೀಕ್ಷೆ ಮುಗಿಯುವವರೆಗೆ ಮೂರು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಕೂರಬೇಕು. ಸ್ಕೂಲಿನ ಕಾಂಪೌಂಡಿನಲ್ಲಿ ಒಂದೇ ಒಂದು ಕಲ್ಲು ಬೆಂಚಿದೆ, ನಾನು ನೋಡಿ ಬಂದಿದ್ದೇನೆ. ಮೂವರೂ ಅದರ ಮೇಲೇ ಕೂರುವುದು. ಒಪ್ಪಿಗೆಯಾದರೆ ಬರಲಿ.

ಲತಾ


ಹಳೇಬೀಡು
6 ಮೇ 2025

ಉಷವ್ವಂಗೆ ಮುದ್ದಮ್ಮನ ಆಶೀರ್ವಾದ.

ಫೋನಿನಾಗೆ ಲತಾ ಎಲ್ಲಾ ಹೇಳವ್ಳಂತೆ. ಅವ್ಳು ಹೇಳಿರೋದು ಅರ್ಧ. ಅದಕ್ಕೇ ಈ ಕಾಗದ.

ರಿಸಲ್ಟ್ ಬಂದ ದಿನ ಲತಾ ಫೋನ್ ನೋಡಿ ಓದಿದ್ಲು. ಸಮಾಜ ವಿಜ್ಞಾನ, ಅರವತ್ತೊಂದು. ಪಾಸು! ಅವ್ಳು ಅತ್ಲು. ದೇವೀರಮ್ಮ ಸಕ್ಕರೆ ತಂದು ಬಾಯಿಗೆ ಹಾಕಿದ್ಲು. ವಿಹಾರದಲ್ಲಿ ಶಾಲು ಹೊದಿಸ್ತೀವಿ ಅಂತ ಹೇಳಿ ಕಳಿಸವ್ರೆ. ಬಿಕ್ಕೋಡಿಂದ ನನ್ ಜೊತೆ ಹಣ್ಣು ಬಿಡಿಸ್ತಿದ್ದ ಮುತ್ತಮ್ಮ ಫೋನ್ ಮಾಡಿ, "ಏನಮ್ಮಿ, ಇನ್ನು ಮ್ಯಾಲೆ ನಿಂಗೆ ರೀ ಅನ್ಬೇಕಾ?" ಅಂದ್ಲು. ಅನ್ನು ಅಂದೆ.

ನಿಮ್ಮವ್ವನೂ ಮಾತಾಡಿದ್ರು. ಬೆಂಚಿನ ಮ್ಯಾಲೆ ಕುಂತು ಕುಂತು ಸೊಂಟ ಹಿಡ್ಕಂಡಿದ್ದು ಇನ್ನೂ ಬಿಟ್ಟಿಲ್ವಂತೆ. ಎಣ್ಣೆ ಹೇಳಿವ್ನಿ, ಹಚ್ಚು.

ಎಲ್ರೂ ಖುಷಿಯಾಗವ್ರೆ. ನಂಗೂ ಖುಷಿ ಐತೆ, ಇಲ್ಲ ಅನ್ನಕಿಲ್ಲ. ರಾತ್ರಿ ಊಟ ಸೇರ್ಲಿಲ್ಲ, ಅಷ್ಟು ಖುಷಿ. ಆದ್ರೆ ಬೆಳಗಾನ ಎದ್ದು ಕುಂತು ಯೋಚ್ನೆ ಮಾಡ್ದೆ. ಅರವತ್ತೊಂದೇ ಯಾಕೆ?

ನಾನು ಒಂದು ಪ್ರಶ್ನೆಯೂ ಬಿಟ್ಟಿಲ್ಲ ಕಣವ್ವ. ಬರೆಯೋರ ಕೈ ನೋಯೋವರ್ಗೂ ಹೇಳಿವ್ನಿ. ಒಂದೊಂದು ಉತ್ತರನೂ ಓದಿಸ್ಕಂಡು ಕೇಳಿವ್ನಿ. ಟೈಮಿಲ್ಲ ಅಂದ್ರು ಅಲ್ಲಿದ್ದ ಮೇಡಮ್ಮು, ನಂಗೆ ಜಾಸ್ತಿ ಟೈಮು ಕೊಟ್ಟವ್ರೆ, ಓದಿಸಿ ಅಂದೆ. ಓದಿಸಿದ್ರು. ಕೊನೆ ಉತ್ತರಗಂಟ ಎಲ್ಲಾ ಸರಿಯಾಗಿತ್ತು. ಮತ್ತೆ ಉಳಿದ ನಂಬರು ಎಲ್ಲಿಗೆ ಹೋದವು?

ಲತಾ ಅಂತಾಳೆ, "ಪಾಸಾಯ್ತಲ್ಲವ್ವ, ಬಿಡು." ಬಿಡೋದೇನು? ನನ್ ಉತ್ತರ ಪತ್ರಿಕೆ ಜೆರಾಕ್ಸು ಕೊಡ್ತಾರಂತೆ, ಅರ್ಜಿ ಹಾಕಿದ್ರೆ. ಹಾಕಿಸ್ದೆ. ಲತಾ ಮೂತಿ ಸೊಟ್ಟ ಮಾಡ್ಕಂಡೇ ಹಾಕಿದ್ಲು. ಬಂದ ಕೂಡ್ಲೇ ನಿಂಗೆ ಹೇಳಿ ಕಳಿಸ್ತೀನಿ. ಕೈಬರಹ ಮಿಷನ್ನಿಗೆ ಆಗಕಿಲ್ವಂತೆ, ನೀನೇ ಬಂದು ಓದಬೇಕು. ನಾನು ಹೇಳಿದ್ದೆಲ್ಲಾ ಅಲ್ಲಿ ಐತಾ ನೋಡು. ಆಮ್ಯಾಕೆ ತಿದ್ದಿದೋರ ಕೆಂಪು ಗುರುತು ಎಲ್ಲೆಲ್ಲಿ ಬಿದ್ದೈತೆ, ಯಾವ ಪುಟಕ್ಕೆ ನಿಂತೈತೆ, ಅದನ್ನೂ ನೋಡಿ ಹೇಳು.

ನಾನು ಕೊನೆಗಂಟ ಹೇಳಿವ್ನಿ. ಅವ್ರು ಕೊನೆಗಂಟ ಓದವ್ರಾ ಇಲ್ವಾ, ನಂಗೆ ಗೊತ್ತಾಗ್ಬೇಕು.

ಮುದ್ದಮ್ಮ ಕೆಂಚಯ್ಯ, ಎಸ್.ಎಸ್.ಎಲ್.ಸಿ.